ತಾನಾಗಿ ಸರಿದ ಬಾಣ

ಆಸ್ಪತ್ರೆಯ ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಚೀಟಿಯಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹಿರಿಯರಾದ ಡಾಕ್ಟರುಗಳೂ ‘ಚೀಟಿಯಕ್ಕನ್ನ ಕೇಳಿ’ ಅನ್ನುತ್ತಿದ್ದರು. ರಕ್ತ ಪರೀಕ್ಷೆಗೆ ಬಂದವರ ಹೆಸರನ್ನು ಕಂಪ್ಯೂಟರಿನ ಪರದೆಯ ಮೇಲೆ ಹುಡುಕಬೇಕು, ಮೌಸಿನ ಬಾಣವನ್ನು ಆ ಹೆಸರಿನ ಮೇಲಿಟ್ಟು ಒತ್ತಬೇಕು, ಪಕ್ಕದ ಪುಟ್ಟ ಪ್ರಿಂಟರಿನಿಂದ ಹೊರಬರುವ ಅಂಟುಚೀಟಿಯನ್ನು ಟ್ಯೂಬಿಗೆ ಸುತ್ತಿ ಒಳಕೋಣೆಯಲ್ಲಿ ಸೂಜಿ ಹಿಡಿದು ಕೂತ ನರ್ಸಿಗೆ ದಾಟಿಸಬೇಕು. ನೋಡಿದವರಿಗೆ ಇದರಲ್ಲೇನು ಮಹಾ ಅನ್ನಿಸಬಹುದು. ಆದರೆ ಚೀಟಿ ಅಂಟಿತೆಂದರೆ ಟ್ಯೂಬಿನೊಳಗಿನ ರಕ್ತಕ್ಕೆ ಅದೇ ಹೆಸರು ಖಾಯಂ. ಮುಂದೆ ಯಂತ್ರ ನೋಡುವುದೂ ಚೀಟಿಯನ್ನೇ, ಡಾಕ್ಟರು ನೋಡುವುದೂ ಚೀಟಿಯನ್ನೇ. ರಕ್ತ ಬಾಯಿಬಿಟ್ಟು ‘ನಾನು ಇಂಥವರದ್ದು’ ಎಂದು ಹೇಳುವುದಿಲ್ಲವಲ್ಲ.

ಅದಕ್ಕೇ ಅವಳು ಪ್ರತಿ ಚೀಟಿಯನ್ನೂ ಪರದೆಯ ಹೆಸರಿನೊಂದಿಗೆ ತಾಳೆ ನೋಡಿಯೇ ಅಂಟಿಸುತ್ತಿದ್ದಳು. ಕಿಟಕಿಯಾಚೆ ಎಷ್ಟೇ ಜನ ಗೊಣಗಲಿ, ಅವಳ ಕಣ್ಣು ಮೊದಲು ಪರದೆಗೆ, ಆಮೇಲೆ ಚೀಟಿಗೆ, ಆಮೇಲೆ ಎದುರಿನ ಮುಖಕ್ಕೆ ಹೋಗಿ ಬರುತ್ತಿತ್ತು. ‘ಏನಮ್ಮಾ, ಪರೀಕ್ಷೆ ಪೇಪರ್ ತಿದ್ದೋ ಹಾಗೆ ನೋಡ್ತೀಯಲ್ಲ’ ಎಂದು ಯಾರಾದರೂ ರೇಗಿಸಿದರೆ, ‘ಫೇಲಾದ್ರೆ ನಿಮಗೇ ಕಷ್ಟ, ಸುಮ್ನಿರಿ’ ಎಂದು ನಗುತ್ತಿದ್ದಳು.

ಆ ನಗು ನಿಂತದ್ದು ಲ್ಯಾಬಿಗೆ ಬಣ್ಣ ಬಳಿದು, ಮೇಜು ಕುರ್ಚಿಗಳ ಜಾಗ ಬದಲಾಯಿಸಿದ ಮೇಲೆ. ಅವಳ ಮೇಜು ಕಿಟಕಿಯ ಬಲಗಡೆಯಿಂದ ಎಡಗಡೆಗೆ ಬಂತು. ಹಳೆಯ ಪ್ರಿಂಟರ್ ಹೋಗಿ ಅಂಗೈಯಗಲದ ಹೊಸದೊಂದು ಬಂತು. ಅದಾದ ಒಂದೆರಡು ದಿನಕ್ಕೆ, ಒಬ್ಬರ ಹೆಸರಿನ ಮೇಲೆ ಒತ್ತಲು ಹೋದಾಗ ಬಾಣ ಗಕ್ಕನೆ ನಿಂತಿತು, ಮತ್ತೆ ಸರಕ್ಕನೆ ಕೆಳಗಿನ ಸಾಲಿಗೆ ಜಾರಿತು. ಅವಳು ಮೌಸನ್ನು ಎತ್ತಿ, ಅಡಿಯಲ್ಲಿ ಕಸವಿದೆಯೇ ನೋಡಿ, ಕೋಟಿನ ಅಂಚಿಗೆ ಒರೆಸಿ ಇಟ್ಟಳು. ಸ್ವಲ್ಪ ಹೊತ್ತು ಸರಿಯಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಮತ್ತೆ ಜಾರಿತು.

ಬೇರೆಯವರಾಗಿದ್ದರೆ ಮೌಸನ್ನು ಬೈದು ಮುಂದೆ ಹೋಗುತ್ತಿದ್ದರು. ಅವಳು ಮೌಸನ್ನು ನೋಡಲಿಲ್ಲ, ಅದರ ಮೇಲಿದ್ದ ತನ್ನ ಕೈಯನ್ನು ನೋಡಿದಳು. ನೋಡುತ್ತಿದ್ದಂತೆ ಅಮ್ಮನ ಕೈ ನೆನಪಾಯಿತು.

ಅವಳಮ್ಮ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿ ಹಚ್ಚುತ್ತಿದ್ದವಳು. ಗಟ್ಟಿ ಹೆಂಗಸು, ಮಾತಿಗೆ ಮಾತು ಕೊಡುವವಳು. ಇನ್ನೂ ಕೂದಲು ಪೂರ್ತಿ ನೆರೆಯುವ ಮೊದಲೇ ಅವಳ ಬಲಗೈಯ ಹೆಬ್ಬೆರಳು ನಡುಗತೊಡಗಿತು. ಮೊದಮೊದಲು ಆಗೊಮ್ಮೆ ಈಗೊಮ್ಮೆ, ಸೂಜಿ ಹಿಡಿದಾಗ ಮಾತ್ರ. ಅಮ್ಮ ಅದನ್ನು ಯಾರಿಗೂ ಹೇಳಲಿಲ್ಲ. ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂರುವುದನ್ನು ಕಲಿತಳು. ಬೆರಳಿನಿಂದ ಮುಂಗೈಗೆ, ಮುಂಗೈಯಿಂದ ತೋಳಿಗೆ ನಡುಕ ಏರಿ, ಕೊನೆಗೆ ಮಗಳೇ ಚಮಚದಲ್ಲಿ ತಿನ್ನಿಸಬೇಕಾಯಿತು. ತಿನ್ನಿಸುವಾಗ ಅಮ್ಮ ಮುಖ ತಿರುಗಿಸುತ್ತಿದ್ದಳು. ಹಸಿವಿಲ್ಲವೆಂದಲ್ಲ, ನಾಚಿಕೆಯಿಂದ. ಆ ತಿರುಗಿದ ಮುಖವೇ ಚೀಟಿಯಕ್ಕನ ಕಣ್ಣಿಗೆ ಕಟ್ಟಿತ್ತು. ತಾನೀಗ ಅಮ್ಮನಿಗೆ ಅದು ಶುರುವಾದ ವಯಸ್ಸಿಗೇ ಬಂದಿದ್ದೇನೆ ಎಂಬುದನ್ನು ಅವಳಿಗೆ ಯಾರೂ ನೆನಪಿಸಬೇಕಿರಲಿಲ್ಲ.

ಅಂದು ಸಂಜೆ ಮನೆಗೆ ಹೋದವಳೇ ಹೊಲಿಗೆ ಡಬ್ಬಿ ತೆಗೆದು ಸೂಜಿಗೆ ದಾರ ಪೋಣಿಸಿದಳು. ಒಂದೇ ಸಲಕ್ಕೆ ಹೋಯಿತು. ಬಿಚ್ಚಿ ಮತ್ತೆ ಪೋಣಿಸಿದಳು. ಲೋಟದ ತುಂಬಾ ನೀರು ಹಿಡಿದು ಅಡುಗೆಮನೆಯಿಂದ ಬಾಗಿಲವರೆಗೆ ನಡೆದಳು. ಚೆಲ್ಲಲಿಲ್ಲ. ಆದರೂ ಮನಸ್ಸು ಒಪ್ಪಲಿಲ್ಲ. ಅಮ್ಮನಿಗೂ ಮೊದಲು ಆಗೊಮ್ಮೆ ಈಗೊಮ್ಮೆಯೇ ಅಲ್ಲವೇ?

ಅವಳ ಗಂಡ ಗೋಡೆಗಳಿಗೆ ಬಣ್ಣ ಹೊಡೆಯುವವನು. ಉಗುರಿನ ಸಂದಿಯ ಬಣ್ಣ ತಿಕ್ಕುತ್ತಾ ಬಚ್ಚಲಿನಿಂದ ಬಂದವನು ಅವಳನ್ನು ನೋಡಿ ನಿಂತ.

‘ಏನೇ ಇದು, ನೀರಿಗೆ ಮನೆ ತೋರಿಸ್ತಿದ್ದೀಯಾ?’

‘ಬಾಯಾರಿಕೆ’ ಎಂದು ಗಟಗಟನೆ ಕುಡಿದುಬಿಟ್ಟಳು.

ಗಂಡ ನಕ್ಕು ಒಳಗೆ ಹೋದ. ಅವನು ಇನ್ನೊಂದು ಮಾತು ಕೇಳಿದ್ದರೆ ಎಲ್ಲ ಹೇಳಿಬಿಡುತ್ತಿದ್ದಳೇನೋ. ಅವನು ಕೇಳಲಿಲ್ಲ, ಇವಳು ಹೇಳಲಿಲ್ಲ.

ಬಾಣದ ಕಾಟ ಹೆಚ್ಚಿತು. ಎಷ್ಟೋ ಚೀಟಿಗಳು ಸರಿಯಾಗಿ ಬರುತ್ತಿದ್ದವು, ನಡುವೆ ಒಂದು ಯಾರದ್ದೋ ಆಗಿರುತ್ತಿತ್ತು. ತಾಳೆ ನೋಡುವ ಅಭ್ಯಾಸವಿದ್ದುದರಿಂದ ಆ ತಪ್ಪು ಚೀಟಿಗಳನ್ನು ಹರಿದು ಬುಟ್ಟಿಗೆ ಹಾಕುತ್ತಿದ್ದಳು. ಸಂಜೆ ಕಸದವಳು ಬರುವ ಮೊದಲು ಅವನ್ನು ಇನ್ನಷ್ಟು ಚಿಕ್ಕದಾಗಿ ಹರಿಯುತ್ತಿದ್ದಳು, ಯಾರಾದರೂ ನೋಡಿದರೆ ಎಂದು.

ಕೊನೆಗೆ ಧೈರ್ಯ ಮಾಡಿ ಲ್ಯಾಬ್ ಮೇಡಂಗೆ ‘ಮೌಸ್ ಸರಿಯಿಲ್ಲ’ ಎಂದಷ್ಟೇ ಹೇಳಿದಳು. ಮೇಡಂ ರಿಪೇರಿಯವನಿಗೆ ಫೋನ್ ಮಾಡಿದರು. ಅವನು ನಡುವಯಸ್ಸಿನ ದಪ್ಪ ಮನುಷ್ಯ. ಬಂದವನೇ ‘ಇಲಿ ಎಲ್ಲಿ? ಬೋನು ತಂದಿದ್ದೀನಿ’ ಎಂದ. ಅವಳಿಗೆ ನಗು ಬರಲಿಲ್ಲ. ಅವನು ಪ್ರಿಂಟರನ್ನು ಕಳಚಿ ಬದಿಗಿಟ್ಟು ಮೌಸನ್ನು ಅತ್ತಿತ್ತ ಓಡಿಸಿದ. ಬಾಣ ಹೇಳಿದಂತೆ ಕೇಳಿತು. ಆಮೇಲೆ ಮೌಸನ್ನು ಕಳಚಿ, ಪ್ರಿಂಟರನ್ನು ಜೋಡಿಸಿ, ಕೀಲಿಮಣೆಯಿಂದ ಚೀಟಿ ಮೇಲೆ ಚೀಟಿ ತೆಗೆದ. ಎಲ್ಲವೂ ಮುತ್ತು ಪೋಣಿಸಿದಂತೆ ಬಂದವು.

‘ಮೌಸೂ ಸರಿ ಇದೆ, ಪ್ರಿಂಟರೂ ಸರಿ ಇದೆ. ಆದ್ರೂ ನಿಮ್ಮ ಸಮಾಧಾನಕ್ಕೆ ಹೊಸ ಮೌಸ್ ಹಾಕ್ತೀನಿ’ ಎಂದ. ಹೊರಡುವಾಗ ಚೀಲ ಹೆಗಲಿಗೇರಿಸುತ್ತಾ, ‘ಕೈ ಸ್ವಲ್ಪ ಹಗುರ ಇಟ್ಕೊಳ್ಳಿ ಅಕ್ಕಾ, ಬಿಗಿ ಹಿಡಿದ್ರೆ ಜಾರುತ್ತೆ’ ಎಂದು ಹೇಳಿ ಹೋದ.

ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಆ ಮಾತು ಅವಳ ಎದೆಗೆ ನೇರ ನಾಟಿತು. ಮೌಸಿನದ್ದೂ ತಪ್ಪಿಲ್ಲ, ಪ್ರಿಂಟರಿನದ್ದೂ ತಪ್ಪಿಲ್ಲ ಎಂದ ಮೇಲೆ ಉಳಿದದ್ದು ತನ್ನ ಕೈ ಒಂದೇ.

ಹೊಸ ಮೌಸ್ ಅಂದೇ ಜಾರಿತು.

ಅವಳು ಎಡಗೈಯಿಂದ ಬಲಗೈ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು ಒತ್ತತೊಡಗಿದಳು. ಯಾರಾದರೂ ಕಿಟಕಿಗೆ ಬಂದರೆ ಎಡಗೈ ತೆಗೆಯುತ್ತಿದ್ದಳು. ಟೀ ಹೊತ್ತಿಗೆ ಎಲ್ಲರ ಜೊತೆ ಕೂರುವುದನ್ನು ಬಿಟ್ಟಳು, ಕಪ್ಪು ನಡುಗೀತು ಎಂಬ ಭಯಕ್ಕೆ. ಒಂದು ಮಧ್ಯಾಹ್ನ ಬಸ್ಸಿನಲ್ಲಿ ಕೂತಿದ್ದಾಗ ತನ್ನ ಬಲಗೈ ತನಗೇ ಗೊತ್ತಿಲ್ಲದೆ ತೊಡೆಯ ಕೆಳಗೆ ಸೇರಿಕೊಂಡದ್ದನ್ನು ಕಂಡಳು. ಹಾವು ಕಂಡವಳಂತೆ ಕೈಯನ್ನು ಹೊರಗೆಳೆದಳು. ಪಕ್ಕದಲ್ಲಿದ್ದವಳು ಬೆಚ್ಚಿ ತನ್ನ ಚೀಲ ತಬ್ಬಿಕೊಂಡಳು.

ಹೀಗಿರುವಾಗ ಒಂದು ಬೆಳಿಗ್ಗೆ ಲ್ಯಾಬಿಗೆ ಜನ ಮುಗಿಬಿದ್ದಿದ್ದರು. ಕಿಟಕಿಯಲ್ಲಿ ಒಬ್ಬ ಲಾರಿ ಮೆಕಾನಿಕ್. ಹೊಟ್ಟೆಯ ಆಪರೇಷನ್ನಿಗೆ ಸೇರಲು ಬಂದವನು. ಅವನ ಹಿಂದೆ ಗಾಲಿಕುರ್ಚಿಯಲ್ಲಿ ಮೇಲಿನ ವಾರ್ಡಿನ ಒಬ್ಬ ಬಾಣಂತಿ. ಹೆರಿಗೆಯಲ್ಲಿ ರಕ್ತ ಹೋಗಿ ಮುಖ ಸುಣ್ಣದಂತೆ ಬೆಳ್ಳಗಾಗಿತ್ತು. ಇಬ್ಬರಿಗೂ ರಕ್ತದ ಗುಂಪು ನೋಡಬೇಕಿತ್ತು. ಮೆಕಾನಿಕ್‌ನ ಹೆಸರಿನ ಮೇಲೆ ಒತ್ತಿದಳು. ಬಾಣ ನಿಂತಿತು, ಪ್ರಿಂಟರ್ ಮಿಸುಕಲಿಲ್ಲ. ಕಾಯದೆ ಬಾಣಂತಿಯ ಹೆಸರಿನ ಮೇಲೂ ಒತ್ತಿದಳು. ಆಗ ಪ್ರಿಂಟರ್ ಗುರ್ರೆಂದು ಒಂದರ ಹಿಂದೆ ಒಂದರಂತೆ ಎರಡು ಚೀಟಿ ಉಗುಳಿತು. ಅಷ್ಟರಲ್ಲಿ ಕಿಟಕಿಯಲ್ಲಿ ಯಾರೋ ಕೂಗಾಡಿದರು, ಒಳಗಿನಿಂದ ನರ್ಸು ‘ಅಕ್ಕಾ, ಬೇಗ!’ ಎಂದಳು. ಚೀಟಿಯಕ್ಕನ ಗಮನವೆಲ್ಲ ಮಣಿಕಟ್ಟನ್ನು ಹಿಡಿದ ಎಡಗೈಯನ್ನು ಯಾರಾದರೂ ಕಂಡರೇ ಎಂಬುದರಲ್ಲಿತ್ತು. ಮೇಲಿನ ಚೀಟಿ ಮೆಕಾನಿಕ್‌ನದ್ದು, ಕೆಳಗಿನದ್ದು ಬಾಣಂತಿಯದ್ದು ಅಂದುಕೊಂಡು ಅಂಟಿಸಿ ಕಳಿಸಿಬಿಟ್ಟಳು. ಅಷ್ಟು ವರ್ಷದ ಕೆಲಸದಲ್ಲಿ ತಾಳೆ ನೋಡದೆ ಕಳಿಸಿದ್ದು ಅದೇ ಮೊದಲು.

ಮಧ್ಯಾಹ್ನದ ಊಟ ಮುಗಿದ ಹೊತ್ತಿಗೆ ಲ್ಯಾಬ್ ಮೇಡಂ ಕೈಯಲ್ಲಿ ಒಂದು ಟ್ಯೂಬ್ ಹಿಡಿದು ಅವಳ ಮೇಜಿನ ಮುಂದೆ ಬಂದು ನಿಂತರು.

‘ಈ ಮೆಕಾನಿಕ್‌ಗೆ ಹಿಂದೆ ನಮ್ಮಲ್ಲೇ ಒಂದು ಆಪರೇಷನ್ ಆಗಿದೆ. ಆಗಿದ್ದ ರಕ್ತದ ಗುಂಪೇ ಬೇರೆ, ಈಗ ಬಂದಿರೋದೇ ಬೇರೆ. ಮನುಷ್ಯನ ಗುಂಪು ಹೀಗೆ ಬದಲಾಗಲ್ಲ. ಬೆಳಿಗ್ಗೆ ಅವನ ಹಿಂದೆ ಮುಂದೆ ಯಾರಿದ್ರು?’

ಚೀಟಿಯಕ್ಕ ಪರದೆಯ ಮೇಲಿನ ಪಟ್ಟಿ ನೋಡಿದಳು. ‘ಬಾಣಂತಿ’ ಎಂದಳು. ‘ಮೇಲಿನ ವಾರ್ಡಿನ ಬಾಣಂತಿ.’

ಮೇಡಂ ಮುಖದ ಬಣ್ಣ ಇಳಿಯಿತು. ‘ಅವಳಿಗೆ ರಕ್ತದ ಚೀಲ ಆಗಲೇ ಮೇಲೆ ಹೋಯ್ತಲ್ಲ!’

ಬೇರೆ ಗುಂಪಿನ ರಕ್ತ ಮೈಗೆ ಏರಿದರೆ ಏನಾಗುತ್ತದೆಂದು ಆ ಕೋಣೆಯಲ್ಲಿ ಯಾರಿಗೂ ವಿವರಿಸಬೇಕಿರಲಿಲ್ಲ. ಮೇಡಂ ಫೋನಿಗೆ ಕೈಹಾಕಿದರು. ವಾರ್ಡಿನ ಫೋನ್ ಯಾರ ಜೊತೆಯೋ ಮಾತಿನಲ್ಲಿತ್ತು. ಚೀಟಿಯಕ್ಕ ಕುರ್ಚಿ ತಳ್ಳಿದ ರಭಸಕ್ಕೆ ಅದು ಹಿಂದಕ್ಕೆ ಉರುಳಿತು. ಲಿಫ್ಟಿನ ಮುಂದೆ ಹಾಸಿಗೆಯೊಂದು ಅಡ್ಡ ನಿಂತಿತ್ತು. ಅವಳು ಮೆಟ್ಟಿಲ ಕಡೆ ತಿರುಗಿದಳು. ಹತ್ತುತ್ತಾ ಹತ್ತುತ್ತಾ ಒಂದು ಚಪ್ಪಲಿ ಕಳಚಿ ಕೆಳಗೆ ಬಿತ್ತು, ಬಿಟ್ಟು ಓಡಿದಳು. ಕಿವಿಯಲ್ಲಿ ತನ್ನದೇ ರಕ್ತ ಧುಮುಗುಡುತ್ತಿತ್ತು. ಆ ಬಿಳುಚಿದ ಮುಖ, ಆ ಮುಖದ ಪಕ್ಕದ ತೊಟ್ಟಿಲು, ತೊಟ್ಟಿಲೊಳಗಿನದ್ದು... ಮುಂದಕ್ಕೆ ಯೋಚಿಸಲಾಗಲಿಲ್ಲ. ‘ಇನ್ನೂ ಚುಚ್ಚಿರಬಾರದು, ಇನ್ನೂ ಚುಚ್ಚಿರಬಾರದು’ ಎಂದು ಬಾಯಿ ತನ್ನಷ್ಟಕ್ಕೆ ಹೇಳುತ್ತಿತ್ತು.

ವಾರ್ಡಿನ ಬಾಗಿಲಲ್ಲಿ ಕಂಬಿ ಹಿಡಿದು ನಿಂತಳು. ಬಾಣಂತಿಯ ಹಾಸಿಗೆಯ ಪಕ್ಕದ ಕೋಲಿಗೆ ಕೆಂಪು ಚೀಲ ತೂಗುತ್ತಿತ್ತು. ಅದರಿಂದ ಇಳಿದ ನಳಿಗೆ ಹಾಸಿಗೆಯ ಮೇಲೆ ಸುರುಳಿಯಾಗಿ ಬಿದ್ದಿತ್ತು. ಬಾಣಂತಿ ಎದ್ದು ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ವಾರ್ಡಿನ ನರ್ಸು ಸೊಂಟದ ಮೇಲೆ ಕೈಯಿಟ್ಟು, ‘ಆಯ್ತಾ ರಾಣಿಯವರೇ? ಎಷ್ಟು ಹೊತ್ತು ಕಾಯ್ಲಿ?’ ಎಂದು ರೇಗುತ್ತಿದ್ದಳು.

‘ಒಮ್ಮೆ ಚುಚ್ಚಿದ್ರೆ ಕೈ ಅಲ್ಲಾಡಿಸಬೇಡ ಅಂತೀರಿ. ಗಂಡ ಬರೋ ಹೊತ್ತು. ಒಂದು ಜಡೆ ಹಾಕ್ಕೊಳ್ತೀನಿ, ಇರಿ’ ಎನ್ನುತ್ತಿದ್ದಳು ಬಾಣಂತಿ.

‘ಹಾಕ್ಬೇಡಿ!’ ಎಂದು ಚೀಟಿಯಕ್ಕ ಕಿರುಚಿದಳು.

ಬಾಣಂತಿ ಜಡೆ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿ, ಪಿಳಿಪಿಳಿ ಕಣ್ಣು ಬಿಟ್ಟು, ‘ಜಡೆನಾ?’ ಎಂದಳು.

ನರ್ಸಿಗೆ ಅರ್ಥವಾಯಿತು. ಏನೂ ಕೇಳದೆ ಚೀಲವನ್ನು ಕೋಲಿನಿಂದ ಇಳಿಸಿ ಎದೆಗವಚಿಕೊಂಡು ನಿಂತಳು. ಚೀಟಿಯಕ್ಕ ಏದುಸಿರಿನಲ್ಲೇ ‘ಗುಂಪು ತಪ್ಪಿದೆ, ಬೇರೆ ಚೀಲ ಬರುತ್ತೆ’ ಎಂದಳು.

ಕೆಳಗೆ ಬಂದಾಗ ಮೇಡಂ ಬಾಗಿಲು ಹಾಕಿ, ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ ‘ಕೂತ್ಕೋ’ ಎಂದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

‘ನಾನು ನಾಳೆಯಿಂದ ಬರಲ್ಲ ಮೇಡಂ’ ಎಂದಳು ಚೀಟಿಯಕ್ಕ. ‘ಮೌಸು ಅಂತ ಸುಳ್ಳು ಹೇಳ್ದೆ. ನನ್ನ ಕೈ ನಡುಗ್ತಿದೆ. ಅಮ್ಮನಿಗೂ ಹೀಗೇ ಶುರುವಾಗಿದ್ದು. ಹೇಳೋಕೆ ಹೆದರಿಕೆಯಾಯ್ತು. ಮುಚ್ಚಿಟ್ಕೊಂಡು ಒಂದು ಜೀವ ತೆಗೀತಿದ್ದೆ.’

‘ಕೈ ಚಾಚು, ನೋಡೋಣ.’

ಚಾಚಿದಳು. ಬೆರಳುಗಳು ಗಾಳಿಗೆ ಸಿಕ್ಕ ಎಲೆಯಂತೆ ಅದುರುತ್ತಿದ್ದವು. ನೋಡಿ, ನಾನು ಹೇಳಲಿಲ್ಲವೇ ಎಂಬಂತೆ ಅವಳು ಮೇಡಂ ಮುಖ ನೋಡಿದಳು.

ಮೇಡಂ ತಮ್ಮ ಕೈಯನ್ನೂ ಅದರ ಪಕ್ಕಕ್ಕೆ ಚಾಚಿದರು. ಅದೂ ಅಷ್ಟೇ ಅದುರುತ್ತಿತ್ತು. ‘ನಾನು ಮೆಟ್ಟಿಲೂ ಹತ್ತಿಲ್ಲ’ ಎಂದರು. ‘ಇದರಿಂದ ಏನೂ ಗೊತ್ತಾಗಲ್ಲ. ಏಳು, ಆ ಜಾಗದಲ್ಲಿ ನಾನು ಕೂರ್ತೀನಿ.’

ಮೇಡಂ ಕೂತು ಪರದೆಯ ಮೇಲೆ ಬಾಣವನ್ನು ಒಂದು ಹೆಸರಿನ ಮೇಲಿಟ್ಟು ಒತ್ತಿ, ಎರಡೂ ಕೈ ಮೇಲೆತ್ತಿದರು. ಚೀಟಿ ಬಂತು, ಸರಿಯಾಗಿತ್ತು. ಇನ್ನೊಂದು. ಅದೂ ಸರಿ. ಚೀಟಿಯಕ್ಕನ ಎದೆ ಇನ್ನಷ್ಟು ಕುಸಿಯಿತು. ಮತ್ತೊಂದು ಒತ್ತಿದಾಗ ಪ್ರಿಂಟರ್ ಗುರ್ರೆಂದಿತು. ಅದೇ ಕ್ಷಣ, ಯಾರ ಕೈಯೂ ಸೋಕದ ಮೌಸಿನ ಕೆಂಪು ಬೆಳಕು ಆರಿ ಹೊತ್ತಿತು. ಪರದೆಯ ಮೇಲಿನ ಬಾಣ ತಾನಾಗಿ ಸರಿದು ಕೆಳಗಿನ ಹೆಸರಿನ ಮೇಲೆ ಹೋಗಿ ಕೂತಿತು.

ಖಾಲಿ ಮೇಜಿನ ಮೇಲೆ ಮೌಸ್ ಅಲ್ಲಾಡದೆ ಬಿದ್ದಿತ್ತು. ಚೀಟಿಯಕ್ಕನಿಗೆ ತನ್ನ ಕೈಯಲ್ಲ ಎಂದು ಗೊತ್ತಾದರೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಇಷ್ಟು ದಿನ ತಾನು ಕೂತಾಗಲೆಲ್ಲ ಇದು ಹೀಗೇ ತನ್ನ ಕಣ್ಣೆದುರಿಗೇ ಹೆಸರುಗಳ ನಡುವೆ ಓಡಾಡಿಕೊಂಡಿತ್ತಲ್ಲ ಎಂದು ಮತ್ತೊಂದು ಬಗೆಯ ಭಯ ಹೊಕ್ಕಿತು.

ರಿಪೇರಿಯವನು ಮತ್ತೆ ಬಂದಾಗ ಬೋನಿನ ಮಾತು ಆಡಲಿಲ್ಲ. ಈ ಸಲ ಎರಡನ್ನೂ ಒಟ್ಟಿಗೆ ಜೋಡಿಸಿಟ್ಟುಕೊಂಡೇ ನೋಡಿದ. ಮೌಸ್ ಬದಲಾಯಿಸಿದ, ಬಾಣ ಜಾರಿತು. ಹಳೆಯದನ್ನು ಹಾಕಿದ, ಆಗಲೂ ಜಾರಿತು. ಪ್ರಿಂಟರಿನ ತಂತ್ರಾಂಶ ತೆಗೆದು ಮತ್ತೆ ಹಾಕಿದ, ಜಾರುವುದು ನಿಲ್ಲಲಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸುತ್ತಾ, ಬೆವರೊರೆಸುತ್ತಾ, ಕೊನೆಗೆ ಮೇಜಿನ ಕೆಳಗೆ ತೂರಿ ತಂತಿಗಳನ್ನು ಬೆರಳಲ್ಲಿ ಹಿಡಿದು ಅವು ಎಲ್ಲಿಗೆ ಹೋಗುತ್ತವೆಂದು ನೋಡುತ್ತಾ ಹೋದ. ಅಲ್ಲಿಂದಲೇ ‘ಸಿಕ್ತು’ ಎಂದ.

ಮೇಜಿನ ಜಾಗ ಬದಲಾದಾಗ ತಂತಿಗಳು ಕಂಪ್ಯೂಟರಿನವರೆಗೆ ಮುಟ್ಟಿರಲಿಲ್ಲ. ಯಾರೋ ನಡುವೆ ನಾಲ್ಕು ಬಾಯಿಯ ಒಂದು ಪುಟ್ಟ ಹಬ್ ಇಟ್ಟು, ಮೌಸ್ ಮತ್ತು ಪ್ರಿಂಟರ್ ಎರಡನ್ನೂ ಅದಕ್ಕೇ ಸಿಕ್ಕಿಸಿದ್ದರು. ಕಂಪ್ಯೂಟರಿನಿಂದ ಒಂದೇ ತಂತಿಯಲ್ಲಿ ಬರುವ ವಿದ್ಯುತ್ತನ್ನು ಎರಡೂ ಹಂಚಿಕೊಳ್ಳಬೇಕು.

‘ಈ ಪ್ರಿಂಟರು ಸುಮ್ನಿರುವಾಗ ಸಾಧು’ ಎಂದ ರಿಪೇರಿಯವನು, ಎದ್ದು ಮೊಣಕಾಲು ಕೊಡವುತ್ತಾ. ‘ಅಕ್ಷರ ಮೂಡಿಸೋಕೆ ಬಿಸಿಯಾಗುತ್ತಲ್ಲ, ಆಗ ಕರೆಂಟ್ ಪೂರ್ತಿ ಎಳ್ಕೊಳ್ಳುತ್ತೆ. ಬೆನ್ನು ಬೆನ್ನಿಗೆ ಚೀಟಿ ತೆಗೆದ್ರಂತೂ ಮೌಸಿಗೆ ಏನೂ ಉಳಿಯಲ್ಲ. ಒಂದು ಕ್ಷಣ ಮೂರ್ಛೆ ಹೋಗುತ್ತೆ. ಎಚ್ಚರವಾದಾಗ ತಾನೆಲ್ಲಿದ್ದೆ ಅಂತ ತಿಳೀದೆ ಬಾಣ ಎಲ್ಲೋ ಎಗರುತ್ತೆ. ನಡುವೆ ಒತ್ತಿದ್ದು ಎಲ್ಲಿಗೋ ಸೇರುತ್ತೆ.’ ಸ್ವಲ್ಪ ತಡೆದು, ‘ಆವತ್ತು ನಾನು ಒಂದನ್ನ ಬಿಚ್ಚಿ ಇನ್ನೊಂದನ್ನ ನೋಡ್ದೆ. ಜಗಳ ಇರೋದೇ ಒಟ್ಟಿಗಿದ್ದಾಗ. ನಿಮ್ಮ ಕೈ ಮೇಲೆ ಹಾಕಿ ಹೋಗ್ಬಿಟ್ಟೆ ಅಕ್ಕಾ’ ಎಂದ. ಅವನ ದನಿ ಇಳಿದಿತ್ತು.

ಹಬ್ಬನ್ನು ಕಿತ್ತ. ಮೌಸನ್ನು ಉದ್ದ ತಂತಿಯಿಂದ ನೇರವಾಗಿ ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಿದ. ಪ್ರಿಂಟರಿಗೆ ಗೋಡೆಯಿಂದ ಬೇರೆಯೇ ಕರೆಂಟ್ ಕೊಟ್ಟ. ಆಮೇಲೆ ಇಡೀ ಸುರುಳಿ ಮುಗಿಯುವವರೆಗೆ ಚೀಟಿ ತೆಗೆದರು. ನೆಲದ ತುಂಬ ಚೀಟಿ ಹರಡಿತು. ಬಾಣ ಇಟ್ಟಲ್ಲಿಂದ ಕದಲಲಿಲ್ಲ.

ಭಯ ಮಾತ್ರ ಅಷ್ಟಕ್ಕೆ ಮುಗಿಯಲಿಲ್ಲ. ಮೇಜು ಬದಲಾದಂದಿನಿಂದ ಹೋದ ಪ್ರತಿಯೊಂದು ಟ್ಯೂಬನ್ನೂ ಮತ್ತೆ ನೋಡಬೇಕೆಂದು ಮೇಡಂ ಹೇಳಿದರು. ತಾಳೆ ನೋಡಿದ್ದೇನೆ ಎಂದು ಚೀಟಿಯಕ್ಕ ಹೇಳಬಹುದಿತ್ತು, ಆದರೆ ಅವಳಿಗೇ ತನ್ನ ಮೇಲೆ ನಂಬಿಕೆ ಉಳಿದಿರಲಿಲ್ಲ. ಫೋನ್ ಹಿಡಿದು ಒಬ್ಬೊಬ್ಬರನ್ನೇ ಕರೆದಳು. ‘ಇನ್ನೊಂದು ಸಲ ರಕ್ತ ಕೊಡಬೇಕಿತ್ತು’ ಎಂದರೆ ಒಬ್ಬರು ಬೈದರು, ಒಬ್ಬರು ಗಾಬರಿಬಿದ್ದು ಅತ್ತರು, ಒಬ್ಬ ಮುದುಕ ‘ಇರೋದೇ ಸ್ವಲ್ಪ, ಅದನ್ನೂ ಎಷ್ಟು ಸಲ ಕೊಡ್ಲಿ ತಾಯಿ?’ ಎಂದ. ಪ್ರತಿ ಫಲಿತಾಂಶ ಬಂದಾಗಲೂ ಹಳೆಯದರ ಪಕ್ಕಕ್ಕಿಟ್ಟು ನೋಡುತ್ತಿದ್ದಳು. ಒಂದೊಂದೂ ಹಳೆಯದಕ್ಕೆ ಹೊಂದುತ್ತಾ ಹೋಯಿತು. ಕೊನೆಯದೂ ಹೊಂದಿದಾಗ ಅವಳು ಒಳಕೋಣೆಗೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತಳು.

ಮನೆಯಲ್ಲಿ ಗಂಡನಿಗೆ ಎಲ್ಲ ಹೇಳಿದ್ದು ಆವತ್ತೇ. ಅವನು ಬ್ರಶ್ಶು ತೊಳೆಯುವುದನ್ನು ನಿಲ್ಲಿಸಿ ಕೇಳಿದ. ಎಲ್ಲ ಮುಗಿದ ಮೇಲೆ, ‘ನನ್ನನ್ನ ಏನಂತ ತಿಳ್ಕೊಂಡಿದ್ದೀಯೇ? ಬಾಡಿಗೆಗಿರೋನಾ?’ ಎಂದ. ಮಾರನೆಯ ದಿನ ಕೆಲಸಕ್ಕೆ ಹೋಗದೆ ಅವಳನ್ನು ನರರೋಗದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದ.

ಡಾಕ್ಟರು ಬೆರಳು ಮಡಿಸಿ ಬಿಡಿಸಿ, ನಡೆಸಿ ನಿಲ್ಲಿಸಿ, ಒಂದು ಸುರುಳಿ ಬರೆಸಿ ನೋಡಿದರು. ‘ಈಗ ಏನೂ ಕಾಣ್ತಿಲ್ಲ’ ಎಂದರು.

‘ಮುಂದೆ?’ ಎಂದಳು ಅವಳು.

‘ಮುಂದಿನದು ಖಂಡಿತ ಹೇಳೋಕೆ ಯಾರಿಂದಲೂ ಆಗಲ್ಲ. ಬರಬೇಕು ಅಂತೇನಿಲ್ಲ, ಬರೋದೇ ಇಲ್ಲ ಅಂತಲೂ ಹೇಳಲ್ಲ. ಏನಾದ್ರೂ ಅನ್ನಿಸಿದ್ರೆ ಮುಚ್ಚಿಡಬೇಡಿ, ನೇರ ಇಲ್ಲಿಗೆ ಬನ್ನಿ.’

ಅವಳು ಬಯಸಿದ್ದ ಉತ್ತರ ಅದಲ್ಲ. ಆದರೂ ಮೆಟ್ಟಿಲಿಳಿಯುವಾಗ ಗಂಡ ಅವಳ ಬಲಗೈಯನ್ನು ಹಿಡಿದುಕೊಂಡಿದ್ದ, ಅವಳು ಬಿಡಿಸಿಕೊಳ್ಳಲಿಲ್ಲ.

ಕೆಲಸ ಬಿಡಲು ಮೇಡಂ ಒಪ್ಪಲಿಲ್ಲ. ಮತ್ತೆ ಆ ಕುರ್ಚಿಯಲ್ಲಿ ಕೂತ ದಿನ ಕಿಟಕಿಗೆ ಮೊದಲು ಬಂದವಳು ಮಾರುಕಟ್ಟೆಯಲ್ಲಿ ಹೂ ಮಾರುವ ಹೆಂಗಸು. ಚೀಟಿಯಕ್ಕ ಒತ್ತಿ, ಕೈ ಮೇಲೆತ್ತಿ, ಬಾಣವನ್ನೇ ದಿಟ್ಟಿಸಿದಳು. ಅದು ನಿಂತಲ್ಲೇ ನಿಂತಿತ್ತು. ಆದರೂ ಚೀಟಿಯ ಮೇಲಿನ ಹೆಸರು, ತಂದೆಯ ಹೆಸರು, ವಯಸ್ಸು ಎಲ್ಲವನ್ನೂ ಗಟ್ಟಿಯಾಗಿ ಓದಿ, ‘ಇದು ನೀವೇ ಅಲ್ವಾ?’ ಎಂದಳು.

ಹೂವಿನವಳು ಕಿಟಕಿಯೊಳಗೆ ಮುಖ ತೂರಿಸಿ ಚೀಟಿಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದಳು.

‘ನಾನೇ’ ಎಂದಳು. ‘ವಯಸ್ಸು ಮಾತ್ರ ಅಷ್ಟು ಜೋರಾಗಿ ಓದ್ಬೇಡಿ.’